ಅಪ್ಪನ ಜೊತೆ ನ್ಯೂಯಾರ್ಕಿನ ಫೈರ್‌ಮನ್‌ಗಳನ್ನು ನೋಡಲು ಹೋಗಿದ್ದು

2023ರ ಅಕ್ಟೋಬರ್‌ನಲ್ಲಿ ಅಪ್ಪನನ್ನು ಕರೆದುಕೊಂಡು ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ತಮ್ಮನ ಮನೆಗೆ ಹೋಗಿದ್ದೆ. ಊರಿಂದ ಯಾರು ಬಂದರೂ ತಮ್ಮ ಮೊದಲು ನಯಾಗರಾ ತೋರಿಸುತ್ತಾನೆ. ಅಪ್ಪ ಮಾತ್ರ ದಾವಣಗೆರೆ ಬಿಡುವ ಮೊದಲೇ ಫೋನಿನಲ್ಲಿ ಹೇಳಿಬಿಟ್ಟಿದ್ದರು. "ಬೇರೆ ಎಲ್ಲಾ ಬಿಟ್ರೂ ನಡೀತದೆ. ಆ ಫೈರ್‌ಮನ್‌ಗಳ ಜಾಗ ಒಂದು ತೋರಿಸು."

ಅಪ್ಪ ದಾವಣಗೆರೆ ಅಗ್ನಿಶಾಮಕ ಠಾಣೆಯಲ್ಲಿ ಲೀಡಿಂಗ್ ಫೈರ್‌ಮನ್ ಆಗಿದ್ದು ನಿವೃತ್ತರಾದವರು. ಹತ್ತಿ ಗೋದಾಮು, ಹುಲ್ಲಿನ ಬಣವೆ, ಬಾವಿಗೆ ಬಿದ್ದ ಎಮ್ಮೆ, ಎಲ್ಲಕ್ಕೂ ಓಡಿದವರು. 2001ರ ಸೆಪ್ಟೆಂಬರ್ 11ರಂದು ಉಗ್ರರು ಅಪಹರಿಸಿದ ಎರಡು ವಿಮಾನಗಳು ವರ್ಲ್ಡ್ ಟ್ರೇಡ್ ಸೆಂಟರ್‌ನ ಎರಡು ಗೋಪುರಗಳಿಗೆ ಬಡಿದಾಗ ನ್ಯೂಯಾರ್ಕಿನಲ್ಲಿ ಬೆಳಿಗ್ಗೆ, ನಮಗೆ ಸಂಜೆ. ಅಪ್ಪ ಡ್ಯೂಟಿಯಲ್ಲಿದ್ದರು. ಠಾಣೆಯ ಹತ್ತಿರದ ಅಂಗಡಿಯ ಟಿವಿಯಲ್ಲಿ ಹೊಗೆ ಕಾರುವ ಗೋಪುರಗಳನ್ನು ನೋಡುತ್ತಾ ಎಲ್ಲರೂ ವಿಮಾನದ ಬಗ್ಗೆ ಮಾತಾಡುತ್ತಿದ್ದರಂತೆ. ಅಪ್ಪನ ತಲೆಯಲ್ಲಿ ಇದ್ದದ್ದು ಒಂದೇ. ಈ ಹೊತ್ತಿಗೆ ನಮ್ಮವರು ಒಳಗೆ ಹೋಗಿರ್ತಾರೆ, ಮೆಟ್ಟಿಲು ಹತ್ತುತ್ತಾ ಇರ್ತಾರೆ.

ಗುರುವಾರ

ಎಡಿಸನ್‌ನಿಂದ ನ್ಯೂವಾರ್ಕ್‌ವರೆಗೆ ಒಂದು ರೈಲು, ಅಲ್ಲಿಂದ ಪಾತ್ ರೈಲು. ಅದು ನೇರವಾಗಿ ವರ್ಲ್ಡ್ ಟ್ರೇಡ್ ಸೆಂಟರ್‌ನ ನೆಲದಡಿಗೇ ತಂದು ಬಿಡುತ್ತದೆ. ಮೇಲೆ ಬಂದರೆ ಎದುರಿಗೇ ಸ್ಮಾರಕ. ಇದಕ್ಕೆ ಟಿಕೆಟ್ ಇಲ್ಲ. ಆ ದಿನ ಹೊರಗಿನದಷ್ಟೇ ನೋಡೋಣ, ಮ್ಯೂಸಿಯಂ ನಾಳೆಗೆ ಅಂತ ಮೊದಲೇ ಮಾತಾಗಿತ್ತು. ಅಪ್ಪನಿಗೆ ಎಪ್ಪತ್ತು ದಾಟಿದೆ. ಎರಡೂ ಒಂದೇ ದಿನಕ್ಕೆ ಜಾಸ್ತಿಯಾಗುತ್ತದೆ.

ಎರಡು ಗೋಪುರಗಳಿದ್ದ ಕಡೆ ಎರಡು ದೊಡ್ಡ ಚೌಕದ ಕೊಳಗಳು. ಒಂದೊಂದೂ ಹತ್ತಿರ ಹತ್ತಿರ ಒಂದು ಎಕರೆ. ನಾಲ್ಕೂ ಬದಿಯಿಂದ ನೀರು 30 ಅಡಿ ಕೆಳಗೆ ಬೀಳುತ್ತದೆ. ಅಲ್ಲಿಂದ ನಡುವಿನ ಇನ್ನೊಂದು ಚೌಕದ ಗುಂಡಿಗೆ ಇಳಿದು ಕಾಣದಂತಾಗುತ್ತದೆ. ಇದನ್ನು ರೂಪಿಸಿದವರು ಮೈಕೆಲ್ ಅರಾದ್. ಸುತ್ತಲಿನ ಮರಗಳ ತೋಟ ಪೀಟರ್ ವಾಕರ್ ಅವರದು. ದಾಳಿ ನಡೆದ ಹತ್ತನೇ ವರ್ಷಕ್ಕೆ, 2011ರಲ್ಲಿ, ಇದು ತೆರೆದದ್ದು.

ಕೊಳದ ಅಂಚಿನ ಕಂಚಿನ ಹಲಗೆಯಲ್ಲಿ ಹೆಸರುಗಳನ್ನು ಕೊರೆದಿದ್ದಾರೆ. 2001ರಲ್ಲಿ ಸತ್ತ 2,977 ಜನ, 1993ರಲ್ಲಿ ಇದೇ ಕಟ್ಟಡದ ಕೆಳಗೆ ಬಾಂಬ್ ಸಿಡಿದಾಗ ಸತ್ತ ಆರು ಜನ. ಅದರಲ್ಲಿ ನಮ್ಮ ದೇಶದವರ ಹೆಸರುಗಳೂ ಇವೆ. ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿಲ್ಲ. ಯಾರು ಯಾರ ಜೊತೆ ಕೆಲಸ ಮಾಡುತ್ತಿದ್ದರು, ಯಾರ ಪಕ್ಕ ಯಾರಿರಬೇಕು ಅಂತ ಮನೆಯವರು ಕೇಳಿಕೊಂಡರೋ ಹಾಗೆ ಜೋಡಿಸಿದ್ದಾರೆ. ಹುಟ್ಟುಹಬ್ಬ ಬಂದವರ ಹೆಸರಿಗೆ ಒಂದು ಬಿಳಿ ಗುಲಾಬಿ ಸಿಕ್ಕಿಸುತ್ತಾರೆ. ನಾವು ಹೋದಾಗಲೂ ಅಲ್ಲೊಂದು ಇಲ್ಲೊಂದು ಗುಲಾಬಿ ಇತ್ತು.

ಅಗ್ನಿಶಾಮಕ ಸಿಬ್ಬಂದಿಯ ಹೆಸರುಗಳಿರುವುದು ದಕ್ಷಿಣದ ಕೊಳದ ಅಂಚಿನಲ್ಲಿ. ಅಪ್ಪ ಅಲ್ಲಿಗೆ ಹೋದ ಮೇಲೆ ಬೇರೆ ಕಡೆ ಬರಲೇ ಇಲ್ಲ. ಇಂಜಿನ್ 33, ಲ್ಯಾಡರ್ 3, ಸ್ಕ್ವಾಡ್ 1, ರೆಸ್ಕ್ಯೂ 5. ಒಂದೊಂದು ಗಾಡಿಯ ತಂಡದ ಹೆಸರು, ಅದರ ಕೆಳಗೆ ಆ ತಂಡದವರು. ನನಗೆ ಬರೀ ಹೆಸರುಗಳಾಗಿ ಕಂಡಿದ್ದು ಅಪ್ಪನಿಗೆ ಬೇರೆಯೇ ಕಂಡಿತು. "ಇದು ಡ್ಯೂಟಿ ಪಟ್ಟಿ ಕಣವ್ವಾ" ಅಂದರು. "ಒಂದು ಗಾಡಿಯಲ್ಲಿ ಹೋದೋರು ಒಟ್ಟಿಗೇ ಇದಾರೆ ನೋಡು."

ಇನ್ನೊಂದನ್ನೂ ಅವರೇ ಗಮನಿಸಿದರು. ಹೆಸರಿನ ಹಿಂದೆ ಚೀಫ್, ಕ್ಯಾಪ್ಟನ್ ಅಂತ ಹುದ್ದೆ ಬರೆದಿಲ್ಲ. ನ್ಯೂಯಾರ್ಕ್ ಅಗ್ನಿಶಾಮಕ ಇಲಾಖೆಯ ಸಮವಸ್ತ್ರಧಾರಿಗಳಲ್ಲಿ ಎಲ್ಲರಿಗಿಂತ ಹಿರಿಯ ಅಧಿಕಾರಿ ಪೀಟರ್ ಗಾನ್ಸಿ ಆ ದಿನ ಸತ್ತರು. ಅವರ ಹೆಸರೂ ಹೊಸದಾಗಿ ಸೇರಿದ ಹುಡುಗನ ಹೆಸರೂ ಒಂದೇ ಗಾತ್ರದ ಅಕ್ಷರದಲ್ಲಿವೆ. ಹುದ್ದೆ ಹಾಕಬೇಕು ಅಂತ ಕೆಲವು ಕುಟುಂಬಗಳು ಕೇಳಿದ್ದವು. ನನಗೇನೋ ಹಾಕದಿದ್ದದ್ದೇ ಸರಿ ಅನ್ನಿಸಿತು. ಅಪ್ಪ ಒಪ್ಪಲಿಲ್ಲ. ಹುದ್ದೆ ಅಂದರೆ ಮರ್ಯಾದೆ ಮಾತ್ರ ಅಲ್ಲ, ಒಳಗೆ ಯಾರ ಜೀವಕ್ಕೆ ಯಾರು ಜವಾಬ್ದಾರಿ ಅನ್ನೋದು ಅದರಲ್ಲಿದೆ ಅಂತ ಅವರ ವಾದ. ರೈಲಿನಲ್ಲಿ ವಾಪಸ್ ಬರುವಾಗಲೂ ಅದೇ ಮಾತು.

ಶುಕ್ರವಾರ

ಮ್ಯೂಸಿಯಂ ಇರುವುದು ಆ ಎರಡು ಕೊಳಗಳ ಕೆಳಗೆ, ಸುಮಾರು 70 ಅಡಿ ಆಳದಲ್ಲಿ. 2014ರ ಮೇನಲ್ಲಿ ತೆರೆದದ್ದು. ಇಳಿಜಾರಿನ ದಾರಿಯಲ್ಲಿ ನಿಧಾನವಾಗಿ ಕೆಳಗಿಳಿಯುತ್ತಾ ಹೋಗಬೇಕು. ದಾರಿಯಲ್ಲಿ ಒಂದು ಕಡೆ ಮುರಿದ ಕಾಂಕ್ರೀಟಿನ ಮೆಟ್ಟಿಲಿನ ಸಾಲು ಇದೆ. ಆ ಬೆಳಿಗ್ಗೆ ಎಷ್ಟೋ ಜನ ತಪ್ಪಿಸಿಕೊಂಡು ರಸ್ತೆಗಿಳಿದದ್ದು ಇದೇ ಮೆಟ್ಟಿಲಿನಿಂದ. ಅದನ್ನು ಇದ್ದ ಹಾಗೇ ಎತ್ತಿ ತಂದು ಇಟ್ಟಿದ್ದಾರೆ.

ಕೆಳಗೆ ತಲುಪಿದರೆ ಒಂದು ದೈತ್ಯ ಗೋಡೆ. ಹಡ್ಸನ್ ನದಿಯ ನೀರು ಒಳನುಗ್ಗದಂತೆ ಗೋಪುರ ಕಟ್ಟುವಾಗ ಹಾಕಿದ್ದ ಕಾಂಕ್ರೀಟ್ ಗೋಡೆ ಅದು. ಗೋಪುರಗಳು ಬಿದ್ದರೂ ಅದು ನಿಂತಿತು. ಅದರ ಮುಂದೆ 36 ಅಡಿ ಎತ್ತರದ ಉಕ್ಕಿನ ಕಂಬ. ಅವಶೇಷ ತೆಗೆಯುವ ಕೆಲಸ ಒಂಬತ್ತು ತಿಂಗಳು ಹಗಲೂ ರಾತ್ರಿ ನಡೆಯಿತು. 2002ರ ಮೇ ಕೊನೆಯಲ್ಲಿ ಅಲ್ಲಿಂದ ಹೊರಟ ಕೊನೆಯ ಕಂಬ ಇದು. ಕೆಲಸ ಮಾಡಿದವರು ಅದರ ಮೈತುಂಬಾ ಬಣ್ಣದಲ್ಲಿ ಬರೆದಿದ್ದಾರೆ, ಫೋಟೋ ಅಂಟಿಸಿದ್ದಾರೆ. ಅಲ್ಲಿ ಬರೆದಿರುವ, ಸತ್ತವರ ಅಂಕಿಗಳು ಹೀಗಿವೆ. ಬಂದರು ಪೊಲೀಸರು 37, ನಗರ ಪೊಲೀಸರು 23, ಅಗ್ನಿಶಾಮಕ ಇಲಾಖೆ 343.

ಮುನ್ನೂರ ನಲವತ್ಮೂರು. ಆ ಊರಿನಲ್ಲಿ ಈ ಸಂಖ್ಯೆ ಟೋಪಿಯ ಮೇಲೆ, ಗಾಡಿಯ ಮೇಲೆ, ಅಂಗಿಯ ಮೇಲೆ ಎಲ್ಲೆಲ್ಲೂ ಕಾಣುತ್ತದೆ. ಆದರೆ ನನಗೆ ಅದು ಅರ್ಥವಾಗಿದ್ದು ಲ್ಯಾಡರ್ 3ರ ಎದುರು ನಿಂತಾಗ.

ಲ್ಯಾಡರ್ 3 ಅಂದರೆ ಮ್ಯಾನ್‌ಹಟನ್‌ನ 13ನೇ ಬೀದಿಯ ಠಾಣೆಯ ಏಣಿ ಗಾಡಿ. ನಿಜವಾದ ಗಾಡಿಯನ್ನೇ ಇಲ್ಲಿಟ್ಟಿದ್ದಾರೆ. ಮ್ಯೂಸಿಯಂ ಇನ್ನೂ ಕಟ್ಟುತ್ತಿರುವಾಗಲೇ, 2011ರಲ್ಲಿ, ಕ್ರೇನಿನಿಂದ ಇದನ್ನು ಒಳಗಿಳಿಸಿದರು. ಹಿಂದಿನಿಂದ ನೋಡಿದರೆ ಕೆಂಪು ಬಣ್ಣ, ನಂಬರು, ಏಣಿ, ಇನ್ನೂ ಗಾಡಿಯ ಹಾಗೇ ಕಾಣುತ್ತದೆ. ಮುಂದೆ ಬಂದರೆ ಡ್ರೈವರ್ ಕೂರುವ ಜಾಗವೇ ಇಲ್ಲ. ತಿರುಚಿದ ಕಬ್ಬಿಣ ಅಷ್ಟೇ. ಗಾಡಿಯನ್ನು ವೆಸ್ಟ್ ಸ್ಟ್ರೀಟ್‌ನಲ್ಲಿ ನಿಲ್ಲಿಸಿ ಕ್ಯಾಪ್ಟನ್ ಪ್ಯಾಟ್ರಿಕ್ ಬ್ರೌನ್ ಮತ್ತು ಅವರ ಜೊತೆಯವರು ಉತ್ತರದ ಗೋಪುರದೊಳಗೆ ಹೋದರು. ಅಂದು ಹೋದ ಆ ತಂಡದ 11 ಜನರಲ್ಲಿ ಒಬ್ಬರೂ ವಾಪಸ್ ಬರಲಿಲ್ಲ.

ಒಂದು ಏಣಿ ಗಾಡಿಯಲ್ಲಿ ಅಷ್ಟು ಜನ ಹೋಗುವುದಿಲ್ಲವಲ್ಲ ಅಂತ ಅಪ್ಪ ಕೇಳಿದರು. ಅದಕ್ಕೆ ಕಾರಣ ಇದೆ. ಮೊದಲ ವಿಮಾನ ಬಡಿದದ್ದು 8:46ಕ್ಕೆ. ಅಲ್ಲಿ ಪಾಳಿ ಬದಲಾಗುವುದು 9 ಗಂಟೆಗೆ. ರಾತ್ರಿ ಪಾಳಿಯವರು ಇನ್ನೂ ಠಾಣೆಯಲ್ಲೇ ಇದ್ದರು, ಬೆಳಗಿನ ಪಾಳಿಯವರು ಆಗಲೇ ಬಂದಿದ್ದರು. ಕರೆ ಬಂದಾಗ ಎಷ್ಟೋ ಠಾಣೆಗಳಲ್ಲಿ ಎರಡೂ ಪಾಳಿಯವರು ಒಟ್ಟಿಗೇ ಗಾಡಿ ಹತ್ತಿದರು. ಮನೆಗೆ ಹೋಗಬೇಕಾದವರು ಹೋಗಲಿಲ್ಲ. ಇದನ್ನು ಹೇಳಿದಾಗ ಅಪ್ಪ ತಲೆಯಾಡಿಸಿದರು. "ನಾವೂ ಹೋಗ್ತಿದ್ವಿ. ಬೆಲ್ ಹೊಡೆದ ಮೇಲೆ ನನ್ನ ಡ್ಯೂಟಿ ಮುಗೀತು ಅಂತ ಸೈಕಲ್ ಹತ್ತೋಕೆ ಆಗಲ್ಲ."

ಆ ಗಾಡಿಯ ಸುತ್ತ ಅಪ್ಪ ಎಷ್ಟು ಹೊತ್ತು ಸುತ್ತಿದರೋ. ಏಣಿಯ ಮೆಟ್ಟಿಲು, ಪಕ್ಕದ ಡಬ್ಬಿಗಳು, ಹಿಡಿಕೆ, ಒಂದೊಂದನ್ನೂ ನೋಡಿದರು. ಯಾವುದು ಎಲ್ಲಿರಬೇಕಿತ್ತು, ಯಾವುದು ಈಗಿಲ್ಲ ಅಂತ ನನಗೆ ತೋರಿಸಿದರು. ಜನ ಅಲ್ಲಿ ಫೋಟೋ ತೆಗೆದು ಮುಂದೆ ಹೋಗುತ್ತಾರೆ. ಅಪ್ಪನಿಗೆ ಅದು ಕೆಲಸಕ್ಕೆ ಹೊರಟ ಗಾಡಿ.

ಒಳಗಿನ ಮುಖ್ಯ ಪ್ರದರ್ಶನದಲ್ಲಿ ಫೋಟೋ ತೆಗೆಯುವ ಹಾಗಿಲ್ಲ. ಒಳ್ಳೆಯದೇ ಆಯಿತು. ಆ ದಿನದ ಒಂದೊಂದು ನಿಮಿಷವನ್ನೂ ಕ್ರಮವಾಗಿ ಇಟ್ಟಿದ್ದಾರೆ. 8:46ಕ್ಕೆ ಉತ್ತರದ ಗೋಪುರ, 9:03ಕ್ಕೆ ದಕ್ಷಿಣದ್ದು. 9:59ಕ್ಕೆ ದಕ್ಷಿಣದ್ದು ಬಿತ್ತು, 10:28ಕ್ಕೆ ಉತ್ತರದ್ದು. ಮೊದಲ ವಿಮಾನ ಬಡಿದಾಗ ಬೆಟಾಲಿಯನ್ ಚೀಫ್ ಜೋಸೆಫ್ ಫೈಫರ್ ಕೆಲವೇ ಬೀದಿಗಳ ಆಚೆ ಗ್ಯಾಸ್ ಸೋರಿಕೆಯ ಕರೆಗೆ ಬಂದಿದ್ದರು. ಕಣ್ಣಾರೆ ನೋಡಿದರು, ನೇರ ಅಲ್ಲಿಗೆ ಓಡಿದರು. ಉತ್ತರದ ಗೋಪುರದ ಕೆಳ ಅಂತಸ್ತಿನಲ್ಲಿ ನಿಂತು ಬಂದ ತಂಡಗಳನ್ನು ಮೇಲೆ ಕಳಿಸಿದರು. ಹಾಗೆ ಹೋದವರಲ್ಲಿ ಇಂಜಿನ್ 33ರ ಲೆಫ್ಟಿನೆಂಟ್ ಕೆವಿನ್ ಫೈಫರ್ ಒಬ್ಬರು. ಅವರ ತಮ್ಮ. ಕೆವಿನ್ ವಾಪಸ್ ಬರಲಿಲ್ಲ.

ಮೆಟ್ಟಿಲಿನ ವಿಷಯ ಇಲ್ಲಿ ಹೇಳಲೇಬೇಕು. 110 ಅಂತಸ್ತಿನ ಕಟ್ಟಡ. ಲಿಫ್ಟ್‌ಗಳು ಕೆಟ್ಟಿದ್ದವು. ಇದ್ದದ್ದು ಮೂರು ಮೆಟ್ಟಿಲ ದಾರಿ. ಎರಡರ ಅಗಲ 44 ಇಂಚು, ಒಂದರದು 56 ಇಂಚು. ಅದರಲ್ಲಿ ಸಾವಿರಾರು ಜನ ಕೆಳಗಿಳಿಯುತ್ತಿದ್ದಾರೆ. ಅದೇ ಮೆಟ್ಟಿಲಲ್ಲಿ ಇವರು ದಪ್ಪ ಕೋಟು, ಹೆಲ್ಮೆಟ್ಟು, ಬೆನ್ನಿಗೆ ಗಾಳಿ ಸಿಲಿಂಡರು, ಹೆಗಲಿಗೆ ಹೋಸ್ ಪೈಪು, ಕೈಯಲ್ಲಿ ಹಾರೆ ಹಿಡಿದು ಹತ್ತಬೇಕು. ಒಬ್ಬೊಬ್ಬರ ಮೈಮೇಲೆ 25 ಕೆಜಿಗೂ ಹೆಚ್ಚಿನ ಭಾರ. ಇಳಿಯುವವರು ಒಂದು ಬದಿಗೆ ಸರಿದು ದಾರಿ ಬಿಟ್ಟರು. ಇಳಿಯುತ್ತಿದ್ದ ಒಬ್ಬ ನೌಕರ ತೆಗೆದ ಒಂದು ಫೋಟೋ ಇದೆ. ಹತ್ತುತ್ತಿರುವ ಯುವ ಫೈರ್‌ಮನ್ ಒಬ್ಬ ತಿರುಗಿ ನೋಡುತ್ತಿದ್ದಾನೆ. ಆ ಹುಡುಗ ಬದುಕಿದ.

ದಕ್ಷಿಣದ ಗೋಪುರದಲ್ಲಿ ಬೆಟಾಲಿಯನ್ ಚೀಫ್ ಓರಿಯೊ ಪಾಮರ್ ಕೆಟ್ಟಿದ್ದ ಒಂದು ಲಿಫ್ಟನ್ನು ಚಾಲೂ ಮಾಡಿಕೊಂಡು ನಲವತ್ತರ ಹತ್ತಿರ ತಲುಪಿದರು. ಅಲ್ಲಿಂದ ಮೆಟ್ಟಿಲು ಹತ್ತಿ 78ನೇ ಅಂತಸ್ತಿಗೆ ಹೋದರು. ವಿಮಾನ ಹೊಕ್ಕ ಜಾಗವೇ ಅದು. ಅಲ್ಲಿಂದ ಅವರು ರೇಡಿಯೋದಲ್ಲಿ ಹೇಳಿದ್ದು ದಾಖಲಾಗಿ ಉಳಿದಿದೆ. ಬೆಂಕಿ ಎರಡು ಕಡೆ ಬಿಡಿಬಿಡಿಯಾಗಿದೆ, ಎರಡು ಲೈನ್ ಹೋಸ್ ಸಿಕ್ಕರೆ ನಂದಿಸಬಹುದು ಅಂತ. ಆಗ ಸಮಯ 9:52. ಕಟ್ಟಡಕ್ಕೆ ಇನ್ನು ಏಳೇ ನಿಮಿಷ ಉಳಿದಿತ್ತು. ನಾನು ಇದನ್ನು ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಉಸಿರು ಕಟ್ಟಿತ್ತಾ ಮಾತಾಡುವಾಗ?" ಇಲ್ಲ, ಧ್ವನಿ ಶಾಂತವಾಗಿಯೇ ಇದೆ ಅಂದೆ. "ಅಂದ್ರೆ ಅವನು ಕೆಲಸ ಮಾಡ್ತಿದ್ದ" ಅಂದರು.

ರೇಡಿಯೋ ಎಲ್ಲರಿಗೂ ಕೇಳಿಸಿತಾ? ಇಲ್ಲ. ಇದನ್ನು ಮುಚ್ಚಿಡಬಾರದು. ದಕ್ಷಿಣದ ಗೋಪುರ ಬಿದ್ದ ತಕ್ಷಣ ಫೈಫರ್ ಉತ್ತರದ ಗೋಪುರದವರಿಗೆ ಕೆಳಗಿಳಿಯಿರಿ ಅಂತ ಆದೇಶ ಕೊಟ್ಟರು. ಪಕ್ಕದ ಗೋಪುರ ಬಿದ್ದದ್ದು ಆಗ ಅವರಿಗೇ ಗೊತ್ತಿರಲಿಲ್ಲ. ಉಕ್ಕು, ಕಾಂಕ್ರೀಟಿನ ಆ ಎತ್ತರದಲ್ಲಿ ಆದೇಶ ಎಷ್ಟೋ ಜನಕ್ಕೆ ತಲುಪಲಿಲ್ಲ. ಪೊಲೀಸರ ರೇಡಿಯೋ ಬೇರೆ, ಇವರದು ಬೇರೆ. ಹೆಲಿಕಾಪ್ಟರಿನಿಂದ ಪೊಲೀಸರಿಗೆ ಕಂಡದ್ದು ಒಳಗಿದ್ದ ಫೈರ್‌ಮನ್‌ಗಳಿಗೆ ಗೊತ್ತಾಗಲಿಲ್ಲ. ಸರ್ಕಾರ ನೇಮಿಸಿದ ತನಿಖಾ ಆಯೋಗ ಇದನ್ನೆಲ್ಲ ಬರೆದಿದೆ. ಧೈರ್ಯದ ಕಥೆ ಹೇಳುವಾಗ ಇದನ್ನು ಬಿಟ್ಟರೆ ಸತ್ತವರಿಗೆ ಅನ್ಯಾಯ ಅಂತ ನನ್ನ ಭಾವನೆ. ಕೆಲವರಿಗೆ ಆದೇಶ ಕೇಳಿಸಿತ್ತು, ಆದರೂ ಗಾಯಾಳುಗಳನ್ನು ಬಿಟ್ಟು ಬರಲಿಲ್ಲ. ಕೆಲವರಿಗೆ ಕೇಳಿಸಲೇ ಇಲ್ಲ. ಎರಡನ್ನೂ ಹೇಳಬೇಕು.

ಆ ದಿನದ ವಿಡಿಯೋಗಳಲ್ಲಿ ಒಂದು ಕೀರಲು ಸದ್ದು ಕೇಳುತ್ತದೆ. ಧೂಳು ತುಂಬಿದ ಬೀದಿ, ಅದರೊಳಗಿಂದ ನೂರಾರು ಕಡೆ ಕೀ ಕೀ ಅನ್ನುವ ಸದ್ದು. ಫೈರ್‌ಮನ್ ಅಲುಗಾಡದೆ ಸ್ವಲ್ಪ ಹೊತ್ತು ಬಿದ್ದಿದ್ದರೆ ಅವನ ಮೈಮೇಲಿನ ಯಂತ್ರ ತಾನಾಗಿಯೇ ಕೂಗಿಕೊಳ್ಳುತ್ತದೆ. ಅಪ್ಪನ ಕಾಲದಲ್ಲಿ ಅವರ ಠಾಣೆಯಲ್ಲಿ ಈ ಯಂತ್ರ ಇರಲಿಲ್ಲ. ಏನದು ಅಂತ ಕೇಳಿದರು. ಹೇಳಿದೆ. ಅಪ್ಪ ಅಲ್ಲಿದ್ದ ಬೆಂಚಿನ ಮೇಲೆ ಕೂತುಬಿಟ್ಟರು. ಅವರು ಅತ್ತದ್ದು ಅಲ್ಲಿ. ನಾನೂ ಪಕ್ಕದಲ್ಲಿ ಕೂತು ಅತ್ತೆ. ಅಪರಿಚಿತ ಹೆಂಗಸೊಬ್ಬರು ಟಿಶ್ಯೂ ತಂದು ಕೊಟ್ಟರು.

ಹೊರಗೆ ಬಂದು ಇಡ್ಲಿ ಡಬ್ಬಿ ಬಿಚ್ಚಿದೆವು. ತಮ್ಮನ ಹೆಂಡತಿ ಕಟ್ಟಿಕೊಟ್ಟಿದ್ದಳು. ಆ ದಿನ ಬೇರೇನೂ ನೋಡಲಿಲ್ಲ.

ಶನಿವಾರ

ತಮ್ಮನಿಗೆ ರಜೆ, ಅವನೂ ಬಂದ. ಸ್ಪ್ರಿಂಗ್ ಸ್ಟ್ರೀಟ್‌ನಲ್ಲಿ ನ್ಯೂಯಾರ್ಕ್ ನಗರದ ಅಗ್ನಿಶಾಮಕ ಮ್ಯೂಸಿಯಂ ಇದೆ. ಇದು ಬೇರೆ, ನಿನ್ನೆಯದು ಬೇರೆ. 1904ರಲ್ಲಿ ಇಂಜಿನ್ 30ರ ಠಾಣೆಯಾಗಿ ಕಟ್ಟಿದ ಕಟ್ಟಡ. ಚರ್ಮದ ಬಕೆಟ್, ಕೈಯಲ್ಲಿ ಒತ್ತುವ ಪಂಪು, ಕುದುರೆ ಎಳೆಯುತ್ತಿದ್ದ ಉಗಿ ಪಂಪು, ಹಳೆಯ ಹೆಲ್ಮೆಟ್ಟುಗಳು. ಅಪ್ಪನ ಮುಖ ಇಲ್ಲಿ ಅರಳಿತು. ತಮ್ಮನಿಗೆ ಒಂದೊಂದೂ ಪಂಪು ಹೇಗೆ ನೀರು ಎಳೆಯುತ್ತದೆ ಅಂತ ಪಾಠವೇ ಆಯಿತು.

ಇಲ್ಲಿಯೂ ಸೆಪ್ಟೆಂಬರ್ 11ಕ್ಕೆ ಮೀಸಲಾದ ಕೋಣೆ ಇದೆ. 343 ಜನರ ಮುಖಗಳೂ ಇವೆ. ನಿನ್ನೆಯ ಮ್ಯೂಸಿಯಂ ಎಷ್ಟು ದೊಡ್ಡದೋ ಇದು ಅಷ್ಟು ಚಿಕ್ಕದು. ಆದರೆ ನನಗೆ ಇದರ ಒಂದು ಗುಣ ತುಂಬಾ ಹಿಡಿಸಿತು. ಚರ್ಮದ ಬಕೆಟಿನಿಂದ ಶುರುವಾದ ಕೆಲಸ, ತಲೆಮಾರುಗಳ ಕಾಲ ನಡೆದು ಬಂದ ಕೆಲಸ, ಅದರ ನಡುವೆ ಈ ಮುಖಗಳು. ಅವರು ಆ ಒಂದು ಬೆಳಿಗ್ಗೆಗಾಗಿ ಹುಟ್ಟಿದವರಲ್ಲ. ಹಿಂದಿನ ದಿನ ಯಾರದೋ ಅಡುಗೆಮನೆಯ ಬೆಂಕಿ ಆರಿಸಿದ್ದವರು, ಲಿಫ್ಟಿನಲ್ಲಿ ಸಿಕ್ಕಿಕೊಂಡವರನ್ನು ಬಿಡಿಸಿದ್ದವರು. ಮುಖಗಳ ನಡುವೆ ಪಾದ್ರಿಯೊಬ್ಬರೂ ಇದ್ದಾರೆ. ಇಲಾಖೆಯ ಧರ್ಮಗುರು ಮೈಕಲ್ ಜಡ್ಜ್. ದಕ್ಷಿಣದ ಗೋಪುರ ಬಿದ್ದಾಗ ಪಕ್ಕದ ಗೋಪುರದ ಕೆಳ ಅಂತಸ್ತಿನಲ್ಲಿ ಪ್ರಾರ್ಥಿಸುತ್ತಾ ನಿಂತಿದ್ದವರು. ಅಧಿಕೃತ ದಾಖಲೆಯಲ್ಲಿ ಆ ದಿನದ ಮೊದಲ ಸಾವು ಅಂತ ಬರೆದದ್ದು ಅವರ ಹೆಸರನ್ನೇ.

ಮಧ್ಯಾಹ್ನ 8ನೇ ಅವೆನ್ಯೂ, 48ನೇ ಬೀದಿಯ ಠಾಣೆಯ ಮುಂದೆ ಹೋದೆವು. ಟೈಮ್ಸ್ ಸ್ಕ್ವೇರ್‌ನ ಗದ್ದಲ ಅಲ್ಲಿಂದ ಹತ್ತಿರ. ಆ ಬೆಳಿಗ್ಗೆ ಇಲ್ಲಿಂದ ಹೋದ 15 ಜನರೂ ಸತ್ತರು. ಅತಿ ಹೆಚ್ಚು ಜನರನ್ನು ಕಳೆದುಕೊಂಡ ಠಾಣೆಗಳಲ್ಲಿ ಇದೂ ಒಂದು. ಗೋಡೆಯ ಮೇಲೆ ಅವರ ಫೋಟೋಗಳಿವೆ. ಬಾಗಿಲು ತೆರೆದಿತ್ತು, ಗಾಡಿ ತೊಳೆಯುತ್ತಿದ್ದರು.

ರಾತ್ರಿ ಊಟದ ಹೊತ್ತಿಗೆ ಅಪ್ಪ ಬಾಂಬೆ ಬಂದರಿನ ವಿಷಯ ಎತ್ತಿದರು. 1944ರ ಏಪ್ರಿಲ್ 14. ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕಿನ್ ಅನ್ನುವ ಹಡಗು ನಿಂತಿತ್ತು. ಒಳಗೆ ಹತ್ತಿಯ ಬೇಲುಗಳು, ಅದರ ಜೊತೆಗೇ ಸುಮಾರು 1,400 ಟನ್ ಸಿಡಿಮದ್ದು. ಹತ್ತಿಗೆ ಬೆಂಕಿ ಬಿತ್ತು. ಫೈರ್‌ಮನ್‌ಗಳು ನೀರು ಹಾಯಿಸುತ್ತಾ ನಿಂತಿದ್ದಾಗಲೇ ಹಡಗು ಸಿಡಿಯಿತು. 66 ಫೈರ್‌ಮನ್‌ಗಳು ಸತ್ತರು. ಅವರ ನೆನಪಿಗೇ ನಮ್ಮಲ್ಲಿ ಏಪ್ರಿಲ್ 14ರಿಂದ ಅಗ್ನಿಶಾಮಕ ಸೇವಾ ಸಪ್ತಾಹ. ಅಂಗಿಗೆ ಚುಚ್ಚುವ ಆ ಪುಟ್ಟ ಬಾವುಟ ನನಗೆ ಚಿಕ್ಕಂದಿನಿಂದ ಗೊತ್ತು. ಅಪ್ಪ ಅದನ್ನು ಶಾಲೆಗೆ ತಂದು ಹಂಚುತ್ತಿದ್ದರು. ಆದರೆ ಆ 66 ಜನರಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿಲ್ಲ. ನ್ಯೂಯಾರ್ಕಿನವರ ಹೆಸರುಗಳನ್ನು ಓದಿ ಅತ್ತವಳು ನಾನು. ನಮ್ಮವರದನ್ನು ಯಾವ ಪಠ್ಯಪುಸ್ತಕದಲ್ಲೂ ಓದಲಿಲ್ಲ. ಇದು ನನಗೆ ನಿಜಕ್ಕೂ ನೋವಿನ ವಿಷಯ. ಅಪ್ಪ ಹೇಳಿದ್ದು ಮಾತ್ರ ಹತ್ತಿಯ ಬಗ್ಗೆ. "ಹತ್ತಿ ಬೇಲು ಹೊರಗೆ ಆರಿದ್ರೂ ಒಳಗೆ ಉರೀತಾ ಇರ್ತದೆ. ದಾವಣಗೆರೆಯೋರಿಗೆ ಅದನ್ನ ಹೇಳಿಕೊಡೋದು ಬೇಡ."

ಭಾನುವಾರ

ಮತ್ತೆ ಅದೇ ಪಾತ್ ರೈಲು. ಸ್ಮಾರಕದ ಎದುರು ರಸ್ತೆಯಲ್ಲೇ, ಲಿಬರ್ಟಿ ಸ್ಟ್ರೀಟ್‌ನಲ್ಲಿ, ಇಂಜಿನ್ 10 ಮತ್ತು ಲ್ಯಾಡರ್ 10ರ ಠಾಣೆ ಇದೆ. ಗೋಪುರಗಳಿಗೆ ಅತಿ ಹತ್ತಿರದ ಠಾಣೆ. ಗೋಪುರಗಳು ಬಿದ್ದಾಗ ಇದೂ ಹಾಳಾಗಿತ್ತು. ದುರಸ್ತಿಯಾಗಿ 2003ರಲ್ಲಿ ಮತ್ತೆ ಕೆಲಸ ಶುರುವಾಯಿತು. ಪಕ್ಕದ ಗೋಡೆಗೆ 56 ಅಡಿ ಉದ್ದದ ಕಂಚಿನ ಉಬ್ಬುಚಿತ್ರ. ಉರಿಯುವ ಗೋಪುರ, ಹೋಸ್ ಎಳೆಯುವವರು, ದಣಿದು ಕೂತವರು, ಕೆಳಗೆ 343 ಹೆಸರು. ಕೈಯಿಂದ ಮುಟ್ಟಬಹುದು. ಜನ ಮುಟ್ಟುತ್ತಾರೆ.

ಅಲ್ಲಿ ಒಂದು ಹೆಸರು ಹುಡುಕಿದೆವು. ಸ್ಟೀಫನ್ ಸಿಲ್ಲರ್. ಬ್ರೂಕ್ಲಿನ್‌ನ ಸ್ಕ್ವಾಡ್ 1ರವರು. ಪಾಳಿ ಮುಗಿಸಿ ಹೊರಟಿದ್ದವರು ಸುದ್ದಿ ಕೇಳಿ ವಾಪಸ್ ತಿರುಗಿದರು. ನದಿಯಡಿಯ ಸುರಂಗ ರಸ್ತೆ ಮುಚ್ಚಿತ್ತು. ಗಾಡಿ ಬಿಟ್ಟು, 27 ಕೆಜಿಯಷ್ಟು ಸಾಮಾನು ಹೊತ್ತು, ಆ ಸುರಂಗದಲ್ಲಿ ಓಡಿಕೊಂಡೇ ಗೋಪುರದ ಕಡೆ ಹೋದರು. ಈಗ ಪ್ರತಿ ವರ್ಷ ಸಾವಿರಾರು ಜನ ಅದೇ ಸುರಂಗದಲ್ಲಿ ಓಡುತ್ತಾರೆ.

ಠಾಣೆಯ ಬಾಗಿಲಲ್ಲಿ ನಿಂತಿದ್ದ ಒಬ್ಬ ಯುವಕನಿಗೆ ತಮ್ಮ, ಇವರು ನಮ್ಮ ತಂದೆ, ಇಂಡಿಯಾದಲ್ಲಿ ಫೈರ್‌ಮನ್ ಆಗಿದ್ದರು ಅಂದ. ಅವನು ತಕ್ಷಣ ಕೈ ಕುಲುಕಿ ಒಳಗೆ ಕರೆದ. ಅಪ್ಪ ಪ್ರಶ್ನೆ ಕೇಳಿದರು, ತಮ್ಮ ಇಂಗ್ಲಿಷಿಗೆ ತಿರುಗಿಸಿದ. ಹೋಸ್ ಎಷ್ಟು ಇಂಚಿನದು, ಸಿಲಿಂಡರ್ ಎಷ್ಟು ನಿಮಿಷ ಬರುತ್ತದೆ, ಮೇಲೆ ಹೋದವರಿಗೆ ರೇಡಿಯೋ ಈಗ ಕೇಳಿಸುತ್ತಾ? ಎತ್ತರದ ಕಟ್ಟಡಕ್ಕೆ ಹೋಗುವಾಗ ಹೆಚ್ಚು ಶಕ್ತಿಯ ಬೇರೆ ರೇಡಿಯೋ ಒಯ್ಯುತ್ತೇವೆ ಅಂತ ಅವನು ವಿವರಿಸಿದ. ಅಪ್ಪನಿಗೆ ಆ ಉತ್ತರ ಬೇಕಿತ್ತು.

ಕೊನೆಗೆ ಸ್ಮಾರಕದ ಒಂದು ಮೂಲೆಯ ಕಲ್ಲುಗಳ ಹತ್ತಿರ ಹೋದೆವು. ಆರು ದೊಡ್ಡ ಒರಟು ಬಂಡೆಗಳು, ಅವುಗಳಲ್ಲಿ ಗೋಪುರಗಳ ಉಕ್ಕಿನ ತುಂಡು ಸೇರಿಸಿದ್ದಾರೆ. ಇದು 2019ರಲ್ಲಿ ಆದದ್ದು. ತಿಂಗಳುಗಟ್ಟಲೆ ಆ ಧೂಳಿನಲ್ಲಿ ಹುಡುಕಾಟ ನಡೆಸಿ, ಆಮೇಲೆ ಕ್ಯಾನ್ಸರ್, ಶ್ವಾಸಕೋಶದ ರೋಗಗಳಿಂದ ನರಳುತ್ತಿರುವವರಿಗೆ, ಸತ್ತವರಿಗೆ ಇದು. ನಾವು ಹೋಗುವ ಮುಂಚಿನ ತಿಂಗಳು ಒಂದು ಸುದ್ದಿ ಬಂದಿತ್ತು. ಆ ಧೂಳಿನ ಕಾಯಿಲೆಗಳಿಂದ ಸತ್ತ ಅಗ್ನಿಶಾಮಕ ಸಿಬ್ಬಂದಿಯ ಸಂಖ್ಯೆಯೂ 343ಕ್ಕೆ ಮುಟ್ಟಿತ್ತು. ಆ ಒಂದು ದಿನ ಸತ್ತಷ್ಟೇ ಜನ ಮತ್ತೆ. ಅವರ ಚಿಕಿತ್ಸೆಯ ಖರ್ಚು ಸರ್ಕಾರ ಕೊಡಲಿ ಅಂತ ಕಾಯಿಲೆ ಬಿದ್ದವರೇ ವಾಷಿಂಗ್ಟನ್‌ಗೆ ಅಲೆದಾಡಬೇಕಾಯಿತು. ಅದಕ್ಕೆ ಕಾನೂನು ಬಂದದ್ದೇ 2011ರ ಜನವರಿಯಲ್ಲಿ. ಇಷ್ಟು ದೊಡ್ಡ ಸ್ಮಾರಕ ಕಟ್ಟಿದ ದೇಶ ಇದಕ್ಕೆ ಅಷ್ಟು ವರ್ಷ ತೆಗೆದುಕೊಳ್ಳಬಾರದಿತ್ತು, ಅಲ್ವಾ?

ವಾಪಸ್ ಬರುವಾಗ ರೈಲಿನಲ್ಲಿ ಅಪ್ಪ ತಮ್ಮನನ್ನು ಹಿಡಿದುಕೊಂಡರು. ಅವನ ಆಫೀಸು ಜೆರ್ಸಿ ಸಿಟಿಯ ಒಂದು ಎತ್ತರದ ಕಟ್ಟಡದಲ್ಲಿದೆ. ಮೆಟ್ಟಿಲು ಎಲ್ಲಿದೆ, ಎಷ್ಟಿವೆ, ಯಾವತ್ತಾದರೂ ಇಳಿದು ನೋಡಿದೀಯಾ? ಅವನು ಲಿಫ್ಟ್ ಬಿಟ್ಟು ಬೇರೆ ನೋಡಿಯೇ ಇರಲಿಲ್ಲ. 1993ರ ಬಾಂಬಿನಲ್ಲಿ ಕತ್ತಲೆ ಮೆಟ್ಟಿಲಲ್ಲಿ ಜನ ಗಂಟೆಗಟ್ಟಲೆ ಪರದಾಡಿದ ಮೇಲೆ ಆ ಗೋಪುರಗಳಲ್ಲಿ ಡ್ರಿಲ್ ಶುರುವಾಗಿತ್ತು, ಮೆಟ್ಟಿಲಿಗೆ ಕತ್ತಲಲ್ಲಿ ಹೊಳೆಯುವ ಬಣ್ಣ ಬಳಿದಿದ್ದರು. 2001ರಲ್ಲಿ ವಿಮಾನ ಬಡಿದ ಅಂತಸ್ತುಗಳ ಕೆಳಗಿದ್ದವರಲ್ಲಿ ಹೆಚ್ಚಿನವರು ಬದುಕಿದರು. ಅಪ್ಪ ಅದನ್ನು ಮ್ಯೂಸಿಯಂನಲ್ಲಿ ಚೆನ್ನಾಗಿ ಗಮನಿಸಿಕೊಂಡಿದ್ದರು.

ಸೋಮವಾರ ಮಧ್ಯಾಹ್ನ ತಮ್ಮ ಆಫೀಸಿನಿಂದ ಫೋನ್ ಮಾಡಿದ. ಊಟದ ಬಿಡುವಿನಲ್ಲಿ ಇಬ್ಬರು ಸಹೋದ್ಯೋಗಿಗಳನ್ನು ಕರೆದುಕೊಂಡು ಮೆಟ್ಟಿಲಿಳಿದು ಬಂದಿದ್ದನಂತೆ. ಎರಡು ಮೆಟ್ಟಿಲ ದಾರಿ ಇವೆ, ಒಂದರ ಬಾಗಿಲಿಗೆ ಯಾರೋ ರಟ್ಟಿನ ಪೆಟ್ಟಿಗೆ ಅಡ್ಡ ಇಟ್ಟಿದ್ದರು, ತೆಗೆಸಿದೆ ಅಂದ. ಅಪ್ಪ ಫೋನು ಕಿವಿಗೆ ಒತ್ತಿ ಹಿಡಿದು ಕೇಳಿದರು. "ಇಳಿಯುವಾಗ ಯಾವ ಬದಿಗೆ ಇದ್ದೆ? ಒಂದು ಬದಿ ಖಾಲಿ ಬಿಡಬೇಕು. ಹತ್ತೋರಿಗೆ ಬೇಕಾಗ್ತದೆ."